ಅಂಜುವುದನ್ನು ಬಲ್ಲ ದೊಡ್ಡವ್ವ

ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಮೊರಬದಲ್ಲಿ ಬಸ್ಸಿಳಿದು ಎರೆಹೊಲಗಳ ನಡುವಿನ ಗಾಡಿದಾರಿ ಹಿಡಿದು ಒಂದು ತಾಸು ನಡೆದರೆ ಸಿಗುವ ಹಳ್ಳಿಗಳಲ್ಲಿ ಅದೊಂದು ಎಂದು ತಿಳಿದರೆ ಸಾಕು. ಹೆಸರು ಬರೆದರೆ ಏನಾಗುತ್ತದೆ ಎಂಬುದನ್ನು ಆಕೆ ನನಗೆ ಒಮ್ಮೆ ಹೇಳಿದ್ದಳು. ಆಗ ನಾನು ಕೇಳಲಿಲ್ಲ.

ಹೋದ ತಿಂಗಳು ಆಕೆ ತೀರಿಕೊಂಡಳು. ಸುದ್ದಿ ಬಂದ ವಾರದಲ್ಲಿ, ಕೂಲಿಕಾರರನ್ನು ಸಂಘಟಿಸಲೆಂದು ಕೂಡಿದ್ದ ನಮ್ಮ ಗುಂಪು ಧಾರವಾಡದಲ್ಲಿ ಶ್ರದ್ಧಾಂಜಲಿ ಸಭೆ ನಡೆಸಿತು. ಸೈಕ್ಲೋಸ್ಟೈಲ್ ಮಾಡಿ ಹಂಚಿದ ಹಾಳೆಯಲ್ಲಿ ಆಕೆಯನ್ನು ‘ಭಯವೆಂಬುದನ್ನೇ ಅರಿಯದ ದಿಟ್ಟ ಹೋರಾಟಗಾರ್ತಿ’ ಎಂದು ಕರೆದಿದ್ದರು. ಆ ಸಾಲು ಓದಿ ನನಗೆ ಸಿಟ್ಟು ಬಂತು. ನಾನು ಕಂಡ ಮನುಷ್ಯರಲ್ಲಿ ಆಕೆಯಷ್ಟು ಅಂಜುತ್ತಿದ್ದವರು ಇನ್ನೊಬ್ಬರಿಲ್ಲ. ಯಾವುದಕ್ಕೆ ಅಂಜಬೇಕು, ಎಷ್ಟು ಅಂಜಬೇಕು, ಅಂಜುತ್ತಲೇ ಒಂದು ಕೆಲಸವನ್ನು ಹೇಗೆ ಮುಗಿಸಬೇಕು ಎಂಬುದು ಆಕೆಗೆ ಗೊತ್ತಿತ್ತು. ಆ ಅಂಜಿಕೆಯನ್ನು ಅಳಿಸಿದರೆ ನಾವು ಆಕೆಗೆ ಮಾಡಿದ್ದೂ ಅಳಿಸಿಹೋಗುತ್ತದೆ. ಹಾಗಾಗಲು ನಾನು ಬಿಡುವುದಿಲ್ಲ.

ಓಣಿಯವರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು. ಆಕೆಯ ಕೆಲಸ ಆಳು ಕರೆಯುವುದು. ನಾಳೆ ಯಾರ ಹೊಲದಲ್ಲಿ ಎಷ್ಟು ಜನ ಹೆಣ್ಣಾಳು ಬೇಕೆಂದು ಧಣಿಗಳ ಮನೆಯಿಂದ ಸಂಜೆ ಹೇಳಿಕೆ ಬರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ದೊಡ್ಡವ್ವ ಓಣಿಗುಂಟ ನಡೆದು ಒಂದೊಂದು ಬಾಗಿಲಿಗೂ ನಿಂತು ‘ನಾಳಿ ಆಳಿಗಿ ಬಾರವಾ’ ಎಂದು ಕರೆಯುತ್ತಿದ್ದಳು. ಕರೆದವರಿಗೆ ಕೂಲಿ, ಕರೆಯದವರಿಗೆ ಅಂದು ಒಲೆ ಹತ್ತುವುದು ಕಷ್ಟ. ಯಾರ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ಗಂಡ ಹಾಸಿಗೆ ಹಿಡಿದಿದ್ದಾನೆ, ಯಾರಿಗೆ ಬಗ್ಗಿ ಕಳೆ ತೆಗೆಯಲು ಆಗದು ಎಂಬುದೆಲ್ಲ ಆಕೆಯ ತಲೆಯಲ್ಲಿತ್ತು. ಬಾಗಿಲಿಗೆ ಎದುರಾಗಿ ಎಂದೂ ನಿಲ್ಲುತ್ತಿರಲಿಲ್ಲ. ಒಂದು ಕಣ್ಣು ಒಳಗೆ, ಇನ್ನೊಂದು ಓಣಿಯ ತುದಿಗೆ ಇರುವಂತೆ ಓರೆಯಾಗಿ ನಿಂತು, ಸೆರಗಿನ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದೇ ಮಾತಾಡುತ್ತಿದ್ದಳು. ಅದೊಂದು ಹಳ್ಳಿಯ ಚಾಳಿ ಎಂದುಕೊಂಡಿದ್ದೆ. ಮಾತಾಡುವಾಗ ತುಟಿ ಅಲುಗುವುದು ದೂರದವರಿಗೆ ಕಾಣಬಾರದೆಂದು ಆಕೆ ಹಾಗೆ ಮಾಡುತ್ತಿದ್ದಳೆಂದು ಆಮೇಲೆ ತಿಳಿಯಿತು.

ನಾನಾಗ ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಂದವಳು. ಕೂಲಿಕಾರ ಹೆಂಗಸರಿಗಾಗಿ ತರಬೇತಿ ಶಿಬಿರ ಮಾಡಬೇಕೆಂದು ನಮ್ಮ ಗುಂಪು ನಿರ್ಧರಿಸಿತ್ತು. ಕನಿಷ್ಠ ಕೂಲಿಯ ಕಾಯಿದೆ ಹೇಳಿಕೊಡುವುದು, ಅರ್ಜಿ ಬರೆಯುವುದು, ಸಂಘ ಕಟ್ಟುವುದು. ಆ ಓಣಿಯ ಹದಿಮೂರು ಹೆಂಗಸರಿಗೆ ಮೂರು ದಿನಗಳ ವಸತಿ ಶಿಬಿರವೆಂದು ಕಾರ್ಯಕ್ರಮಪಟ್ಟಿಯೂ ಸಿದ್ಧವಾಗಿತ್ತು. ಅದನ್ನು ಹಿಡಿದುಕೊಂಡು ನಾನೂ ನಮ್ಮ ಸಂಚಾಲಕರೂ ದೊಡ್ಡವ್ವನ ಮನೆಗೆ ಹೋದೆವು. ಸಂಚಾಲಕರು ಎಲ್ಲವನ್ನೂ ಓದಿ ಹೇಳಿದರು. ಆಕೆ ಜೋಳ ಹಸನು ಮಾಡುತ್ತ ಕೇಳಿಸಿಕೊಂಡಳು.

“ಮೂರು ದಿನಾ ಹದಿಮೂರು ಮಂದಿ ಹೆಣಮಕ್ಕಳು ಹೊಲಕ್ಕ ಬರಲಿಲ್ಲ ಅಂದ್ರ ಧಣ್ಯಾರು ಯಾಕ ಅಂತ ಕೇಳೂದಿಲ್ಲೇನ್ರಿ ಸರ?”

“ಕೇಳಲಿ. ಸಂಘಟಿತರಾಗುವುದು ಅವರ ಹಕ್ಕು,” ಎಂದರು ಸಂಚಾಲಕರು.

“ಹಕ್ಕು ನಿಮ್ಮ ಬುಕ್ಕಿನ್ಯಾಗ ಐತ್ರಿ. ಹೊಲ ಅವರದ ಐತಿ.” ಜೋಳ ಕೇರುವ ಕೈ ನಿಲ್ಲಲಿಲ್ಲ. “ನೀವು ಅಂಜೂದಿಲ್ಲ. ಅಂಜದವರನ್ನ ಕಂಡ್ರ ನನಗ ಭಾಳ ಅಂಜಿಕಿರಿ.”

ಸಂಚಾಲಕರು ನಕ್ಕರು. ನಾನೂ ನಕ್ಕೆ.

ಆಕೆ ಒಪ್ಪಿದಳು, ತನ್ನ ಷರತ್ತುಗಳ ಮೇಲೆ. ಶಿಬಿರ ಒಟ್ಟಿಗೆ ಮೂರು ದಿನ ಬೇಡ. ಮೂರು ವಾರ, ಒಂದೊಂದು ಸಂತೆಯ ದಿನ. ಸಂತೆಗೆ ಹೋದ ಹೆಂಗಸರನ್ನು ಯಾರೂ ಎಣಿಸುವುದಿಲ್ಲ. ಜಾಗ ಗುಡಿಯಲ್ಲ, ಶಾಲೆಯೂ ಅಲ್ಲ, ಸಂತೆಯ ದಾರಿಯಲ್ಲಿರುವ ಹಿಟ್ಟಿನ ಗಿರಣಿಯ ಹಿಂದಿನ ಕೋಣೆ. ಗಿರಣಿ ನಡೆಸುವವನು ಆಕೆಯ ಅಣ್ಣನ ಮಗ. ಪ್ರತಿಯೊಬ್ಬಳೂ ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಬರಬೇಕು, ಹೋಗುವಾಗ ಹಿಟ್ಟು ಹೊತ್ತು ಹೋಗಬೇಕು. ಇಬ್ಬರಿಗಿಂತ ಹೆಚ್ಚು ಜನ ಕೂಡಿ ಬರಬಾರದು. ಬ್ಯಾನರ್ ಕಟ್ಟಬಾರದು, ಫೋಟೋ ತೆಗೆಯಬಾರದು, ಹಾಜರಿ ಹಿಡಿಯಬಾರದು. ನಮಗೆ ಕುರ್ಚಿ ಇಲ್ಲ, ನೆಲದ ಮೇಲೆ ಅವರ ನಡುವೆ ಕೂಡಬೇಕು. ಕಿಟಕಿಯಲ್ಲಿ ಹಣಿಕಿ ಹಾಕಿದವನಿಗೆ ಯಾರು ಕಲಿಸುವವರು, ಯಾರು ಕಲಿಯುವವರು ಎಂದು ತಿಳಿಯಬಾರದು. ಕೂಸುಗಳಿದ್ದವರು ಹಿಂಬಾಗಿಲ ಹತ್ತಿರ ಕೂಡಬೇಕು, ಓಡಬೇಕಾಗಿ ಬಂದರೆ ಮೊದಲು ಹೊರಡುವವರು ಅವರು.

ಕೊನೆಯ ಷರತ್ತು ಹೇಳುವಾಗ ಆಕೆ ನನ್ನನ್ನು ನೋಡಿದಳು. “ಶಿಬಿರ ಮುಗದ ಮ್ಯಾಲ ನಿಮ್ಮಾಗ ಒಬ್ಬರು ಎಂಟು ದಿನಾ ಇಲ್ಲೇ ಇರಬೇಕು ತಂಗಿ. ಏನರ ಆಗೂದಾದ್ರ ಆಮ್ಯಾಲ ಆಗತೈತಿ. ನೀವು ಇದ್ದಾಗ ಯಾರೂ ಏನೂ ಮಾಡೂದಿಲ್ಲ. ನೀವು ಬಸ್ ಹತ್ತಿದ ಮ್ಯಾಲ ಮಾಡ್ತಾರ.”

ನಾನು ಹೂಂ ಎಂದೆ. ಎಷ್ಟು ಸುಲಭವಾಗಿ ಹೂಂ ಎಂದೆ ಎಂಬುದು ಇಂದಿಗೂ ನನಗೆ ನೆನಪಿದೆ.

ಮೊದಲ ಸಂತೆಯ ದಿನ ನಾನು ಕಾಯಿದೆಯ ಪಾಠ ಸಿದ್ಧಮಾಡಿಕೊಂಡು ಹೋಗಿದ್ದೆ. ದೊಡ್ಡವ್ವ ಅದನ್ನು ಶುರು ಮಾಡಗೊಡಲಿಲ್ಲ. ಎದ್ದು ನಿಂತು, ಸೆರಗನ್ನು ರುಮಾಲಿನಂತೆ ತಲೆಗೆ ಸುತ್ತಿ, ಇಲ್ಲದ ಮೀಸೆಯನ್ನು ತಿರುವಿ ಧಣಿಯಾದಳು.

“ಏ ಬೇ, ನಿನ್ನಿ ಎಲ್ಲಿ ಸತ್ತಿದ್ದಿ?”

“ಗಿರಣಿಗಿ ಹೋಗಿದ್ದಿನ್ರಿ ಯಪ್ಪಾ,” ಎಂದಳು ಮುಂದಿದ್ದವಳು.

“ಒಂದ ಬುಟ್ಟಿ ಬೀಸಾಕ ಇಡೀ ಮಧ್ಯಾಹ್ನ ಬೇಕನ?”

“ಗಿರಣಿ ಬೆಲ್ಟ್ ಹರದಿತ್ರಿ.”

“ಮತ್ತ ಅಲ್ಲಿ ಧಾರವಾಡದಾಕಿ ಒಬ್ಬಾಕಿ ಬಂದಿದ್ದಳಂತಲ್ಲ?”

ಅವಳು ತಡವರಿಸಿದಳು. ಹಿಂದಿನಿಂದ ಯಾರೋ, “ಗಿರಣಿಯವಗ ಹೆಣ್ಣು ತೋರಸಾಕ ಬಂದಿದ್ದಳ್ರಿ ಧಣಿ!” ಎಂದರು. ಕೋಣೆ ನಗೆಯಿಂದ ಅದುರಿತು. ಹೆಣ್ಣು ನಾನೇ ಎಂಬಂತೆ ಎಲ್ಲರೂ ನನ್ನತ್ತ ನೋಡಿ ಇನ್ನಷ್ಟು ನಕ್ಕರು. ದೊಡ್ಡವ್ವ ನಗಲಿಲ್ಲ. “ಅದ ಚಲೋ ಐತಿ. ಎಲ್ಲಾರೂ ಅದನ್ನ ಹೇಳ್ರಿ. ಒಬ್ಬಾಕಿ ಒಂದು, ಇನ್ನೊಬ್ಬಾಕಿ ಇನ್ನೊಂದು ಹೇಳಬ್ಯಾಡ್ರಿ,” ಎಂದು ಮತ್ತೆ ಮೀಸೆ ತಿರುವಿ, ಹದಿಮೂರು ಜನರ ಮುಂದೂ ನಿಂತು ಅದೇ ಪ್ರಶ್ನೆ ಕೇಳಿದಳು. ಕೊನೆಯವಳು ದುಮ್ಮವಾಡದ ಕಡೆಯಿಂದ ಮದುವೆಯಾಗಿ ಬಂದ ಎಳೆಯ ಸೊಸೆ. ಅವಳು ಉತ್ತರ ಹೇಳುವ ಬದಲು ಅತ್ತೇಬಿಟ್ಟಳು. ದೊಡ್ಡವ್ವ ತಲೆಯ ಸೆರಗು ಬಿಚ್ಚಿ ಅವಳ ಪಕ್ಕ ಕುಳಿತು, “ಅಂಜಿಕಿ ಬಂತನ? ಬರ್ಲಿ. ಅಂಜಕೋತನ ಹೇಳು ಮಗಳ,” ಎಂದಳು. ಅವಳು ಬಿಕ್ಕುತ್ತಲೇ ಹೇಳಿದಳು.

ಒಂದೂವರೆ ತಾಸು ಇದರಲ್ಲೇ ಕಳೆಯಿತು. ಹೊತ್ತು ದಂಡವಾಯಿತೆಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಶಿಬಿರದ ಮೊದಲ ಪಾಠ, ಬಹುಶಃ ಒಂದೇ ಸರಿಯಾದ ಪಾಠ, ಅದಾಗಿತ್ತು.

ಎರಡನೆಯ ವಾರ ಕಿಟಕಿಯ ಆಚೆ ಒಬ್ಬ ಸೈಕಲ್ ನಿಲ್ಲಿಸಿ ಬೀಡಿ ಹಚ್ಚಿದ. ಗಿರಣಿ ನಿಂತಿತ್ತು, ಆ ನಿಶ್ಶಬ್ದದಲ್ಲಿ ಕಡ್ಡಿ ಗೀರಿದ ಸದ್ದು ಒಳಗೆ ಕೇಳಿಸಿತು. ಯಾರೂ ಹೇಳದೆ ಹದಿಮೂರು ಜನರ ಉಸಿರೂ ಅಡಗಿತು. ದೊಡ್ಡವ್ವ ಮಾತ್ರ ದೊಡ್ಡ ದನಿಯಲ್ಲಿ, “ಏ, ನಿನ್ನ ಹಿಟ್ಟು ಸಣ್ಣಾಗಿಲ್ಲ, ಇನ್ನೊಮ್ಮಿ ಹಾಕಸು,” ಎಂದು ಜಗಳ ತೆಗೆದಳು. ಒಬ್ಬಳು ತಿರುಗಿ ಬಯ್ದಳು. ಹಿಟ್ಟಿನ ಜಗಳ ಏರುತ್ತಿದ್ದಂತೆ ಬೀಡಿಯವನು ಸೈಕಲ್ ಹತ್ತಿ ಹೋದ. ಅವನು ಯಾರೆಂದು ಕೊನೆಗೂ ತಿಳಿಯಲಿಲ್ಲ. ದೊಡ್ಡವ್ವ ಗೋಡೆಗೆ ಒರಗಿ ಕುಳಿತಳು. ಆಕೆಯ ಮೊಣಕಾಲುಗಳು ಸೀರೆಯೊಳಗೆ ನಡುಗುತ್ತಿದ್ದುದನ್ನು ನಾನು ನೋಡಿದೆ. ಭಯವನ್ನೇ ಅರಿಯದವಳು ಎಂದು ಬರೆದವರು ಆ ಮೊಣಕಾಲುಗಳನ್ನು ನೋಡಿಲ್ಲ.

ಕಾಯಿದೆಯ ಜೊತೆಗೆ ನಾನು ಅವರಿಗೆ ತಮ್ಮ ಹೆಸರು ಬರೆಯುವುದನ್ನು ಕಲಿಸಿದೆ. ಅದು ನನ್ನದೇ ಉತ್ಸಾಹ, ಕಾರ್ಯಕ್ರಮಪಟ್ಟಿಯಲ್ಲಿ ಇರಲಿಲ್ಲ. ಅವರು ವಾರವಿಡೀ ಇದ್ದಲಿಯಿಂದ ಒಲೆಯ ಮುಂದೆ ಗೀಚಿ ಗೀಚಿ ಕಲಿತರು. ದುಮ್ಮವಾಡದ ಸೊಸೆಯೇ ಎಲ್ಲರಿಗಿಂತ ಮೊದಲು ಕಲಿತವಳು. ಮೂರನೆಯ ಸಂತೆಯ ದಿನ, ಯಾರು ಮೊದಲು ಕೇಳಿದರೋ, ಹಾಳೆಯ ಮೇಲೆ ಪೆನ್ನಿನಿಂದ ಬರೆಯಬೇಕೆಂದರು. ನಾನು ಬಿಳಿ ಹಾಳೆ ಕೊಟ್ಟೆ. ಹದಿಮೂರು ಜನರೂ ಒಬ್ಬರ ಕೆಳಗೊಬ್ಬರು ಬರೆದರು. ಬರೆದು ಮುಗಿಸಿದವಳು ಪೆನ್ನು ಕೊಡುವ ಮೊದಲು ಒಂದು ಗಳಿಗೆ ಹಿಡಿದುಕೊಂಡೇ ಇರುತ್ತಿದ್ದಳು. ನನ್ನ ಕಣ್ಣು ತುಂಬಿ ಬಂತು.

ದೊಡ್ಡವ್ವ ಬರೆಯಲಿಲ್ಲ. ಎಲ್ಲರೂ ಬುಟ್ಟಿ ಹೊತ್ತು ಇಬ್ಬಿಬ್ಬರಾಗಿ ಹೊರಟ ಮೇಲೆ ನನ್ನ ಹತ್ತಿರ ಬಂದು, “ಭಾಳ ಚಂದ ಬರದಾರ. ಈಗ ಅದನ್ನ ಒಲಿಗಿ ಹಾಕು,” ಎಂದಳು.

“ಯಾಕ ದೊಡ್ಡವ್ವಾ? ಇದು ಅವರು ಮೊದಲ ಸಲ ಬರದ ಹೆಸರು.”

“ಅದಕ್ಕ ಹೇಳ್ತೇನಿ. ಬರಿಯೂದು ಕಲತರಲ್ಲ, ಬೇಕಾದಾಗ ಮತ್ತ ಬರೀತಾರ. ಹಾಳಿ ಇದ್ರ ಅದು ಯಾರದರ ಕೈಗಿ ಹೋಗತೈತಿ ತಂಗಿ.”

“ನನ್ನ ಚೀಲದಾಗ ಇರ್ತದ. ಯಾರಿಗೂ ಕೊಡೂದಿಲ್ಲ.”

ಆಕೆ ತನ್ನ ಬುಟ್ಟಿ ತಲೆಗೇರಿಸಿಕೊಂಡು ಹೊರಟಳು. ನಾನು ಎಂಟು ದಿನ ಉಳಿಯಲೂ ಇಲ್ಲ. ಮರುದಿನ ಧಾರವಾಡದಲ್ಲಿ ಒಂದು ನೌಕರಿಯ ಸಂದರ್ಶನವಿತ್ತು. ಸಂಜೆಯ ಬಸ್ಸಿಗೆ ಹೊರಟೆ.

ಆ ಹಾಳೆಯನ್ನು ಗುಂಪಿನ ಬೈಠಕ್ಕಿನಲ್ಲಿ ನಾನೇ ಹೆಮ್ಮೆಯಿಂದ ತೋರಿಸಿದೆ. ಕನಿಷ್ಠ ಕೂಲಿ ಕೊಡಿಸಬೇಕೆಂದು ಸರಕಾರಿ ಕಚೇರಿಯೊಂದಕ್ಕೆ ಸಲ್ಲಿಸಲು ಸಂಚಾಲಕರು ಅರ್ಜಿ ಬರೆದಿಟ್ಟಿದ್ದರು. ಸಹಿಗಳಿರಲಿಲ್ಲ. “ಇಲ್ಲಿವೆಯಲ್ಲ!” ಎಂದು ಕೈ ಚಾಚಿದರು. ಅವು ಅರ್ಜಿಗೆ ಹಾಕಿದ ಸಹಿಗಳಲ್ಲ, ಬರೆಯಲು ಕಲಿತ ಗುರುತು ಎಂದು ನಾನು ಹೇಳಿದೆ. ಒಂದೇ ಸಲ ಹೇಳಿದೆ, ಅದೂ ಮೆಲ್ಲಗೆ. “ಅವರ ಬೇಡಿಕೆಯೂ ಇದೇ ತಾನೆ?” ಎಂದರು. ನಾನು ಹಾಳೆಯನ್ನು ಕೊಟ್ಟೆ. ಯಾರೂ ನನ್ನ ಕೈಯಿಂದ ಕಿತ್ತುಕೊಳ್ಳಲಿಲ್ಲ.

ಹಾಳೆ ಕಚೇರಿಯಿಂದ ಧಣಿಯ ಮನೆಗೆ ಹೇಗೆ ಹೋಯಿತೆಂದು ನನಗೆ ಗೊತ್ತಿಲ್ಲ. ಹೋಗುತ್ತದೆ ಎಂಬುದು ದೊಡ್ಡವ್ವನಿಗೆ ಮೊದಲೇ ಗೊತ್ತಿತ್ತು.

ಜಯಧರ ತಳಿಯ ಹತ್ತಿ ಬಿಡಿಸುವ ಸುಗ್ಗಿ ಅದು. ಹೆಣ್ಣಾಳುಗಳ ವರ್ಷದ ಕೂಲಿಯ ದೊಡ್ಡ ಪಾಲು ಆ ದಿನಗಳಲ್ಲೇ ಸಿಗಬೇಕು. ಒಂದು ಬೆಳಿಗ್ಗೆ ಧಣಿಯ ಗುಮಾಸ್ತ ಹೊಲದ ಬದುವಿನ ಮೇಲೆ ನಿಂತು ಹೆಸರು ಹಿಡಿದು ಕರೆಯತೊಡಗಿದ. ಹಾಳೆಯಲ್ಲಿ ಬರೆದಿದ್ದ ಅನುಕ್ರಮದಲ್ಲೇ. ಕರೆಸಿಕೊಂಡವರು ಸಾಲು ಬಿಟ್ಟು ಹೊರಗೆ ನಿಲ್ಲಬೇಕಾಯಿತು. ಹದಿಮೂರು ಜನ ನಿಂತ ಮೇಲೆ ಅವನು, “ಇವರಿಗೆ ನಾಳಿಂದ ಈ ಊರಾಗ ಯಾರ ಹೊಲದಾಗೂ ಕೆಲಸಿಲ್ಲ,” ಎಂದು, ದೊಡ್ಡವ್ವನ ಕಡೆ ತಿರುಗಿ, “ನಿನ್ನ ಹೆಸರು ಇದರಾಗಿಲ್ಲ. ನಾಳಿಗಿ ಬ್ಯಾರೆ ಹದಿಮೂರು ಮಂದಿನ್ನ ಕರಕೊಂಡ ಬಾ,” ಎಂದ.

ಇದನ್ನೆಲ್ಲ ಆಕೆ ನಮ್ಮ ಮುಂದೆ ಕುಳಿತು ಹೇಳಿದಳು. ಮರುದಿನವೇ ಧಾರವಾಡಕ್ಕೆ ಬಂದಿದ್ದಳು, ಒಬ್ಬಳೇ, ಕೇಳುತ್ತ ಕೇಳುತ್ತ ನಮ್ಮ ಬೈಠಕ್ಕಿನ ಕೋಣೆಗೆ. ಕುರ್ಚಿ ಕೊಟ್ಟರೆ ಕೂಡಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕುಳಿತು, ಸೆರಗು ಕಚ್ಚಿಕೊಂಡೇ ಕೇಳಿದಳು.

“ಆ ಹಾಳಿ ಕೊಟ್ಟವರು ಯಾರ್ರಿ?”

ನಾವು ಏಳು ಜನ ಇದ್ದೆವು. ನಾನು ನೆಲ ನೋಡುತ್ತಿದ್ದೆ.

“ಹೋಗ್ಲಿ. ಯಾರ ಕೊಟ್ಟಿದ್ರೂ ಅಷ್ಟ. ನಿಮ್ಮಾಗ ಒಬ್ಬರು ಈಗ ನನ್ನ ಸಂಗಾಟ ಬರ್ರಿ. ಧಣ್ಯಾರ ಮುಂದ, ಕಚೇರಿ ಸಾಹೇಬ್ರ ಮುಂದ ಹೇಳ್ರಿ: ಈ ಹೆಣಮಕ್ಕಳು ಅರ್ಜಿಗಿ ಸಹಿ ಮಾಡಿಲ್ಲ, ನಾವು ಅವರನ್ನ ಕೇಳದನ ಹಚ್ಚೇವಿ ಅಂತ. ಅದು ಖರೆ ಐತಿ. ಖರೆ ಹೇಳಾಕ ಏನ್ ತ್ರಾಸು?”

ಸಂಚಾಲಕರು ಕನ್ನಡಕ ತೆಗೆದು ಒರೆಸಿದರು. ಹಾಗೆ ಹೇಳಿದರೆ ಅರ್ಜಿ ಬಿದ್ದುಹೋಗುತ್ತದೆ, ಇಡೀ ತಾಲ್ಲೂಕಿನ ಹೋರಾಟ ಹಿಂದೆ ಬೀಳುತ್ತದೆ, ಹೋರಾಟದಲ್ಲಿ ಇಂಥ ಕಷ್ಟ ಬರುವುದೇ ಎಂದು ವಿವರಿಸಿದರು. ಮುಂದಿನ ಬೈಠಕ್ಕಿನಲ್ಲಿ ಚರ್ಚಿಸೋಣ ಎಂದೂ ಹೇಳಿದರು.

“ಯಾವಾಗ್ರಿ ಬೈಠಕ್?”

“ಬರುವ ಸೋಮವಾರ.”

“ಸೋಮವಾರತನಾ ಅವರು ಏನ್ ತಿನಬೇಕ್ರಿ?”

ಆಕೆ ಎದ್ದಳು. ಹೊರಡುವಾಗ ನನ್ನ ಮುಂದೆ ನಿಂತು, “ನೀನರ ಬರ್ತೀಯೇನ್ ತಂಗಿ?” ಎಂದಳು. ಧಣಿಯ ಮನೆಯ ಅಂಗಳ, ಬದುವಿನ ಮೇಲಿನ ಗುಮಾಸ್ತ, ಕಚೇರಿಯ ಸಾಹೇಬ, ನನ್ನ ಕಣ್ಣ ಮುಂದೆ ಬಂದದ್ದು ಅವರೇ. ಹಸಿದ ಹದಿಮೂರು ಹೆಂಗಸರು ಬರಲಿಲ್ಲ. “ಸೋಮವಾರದ ಮ್ಯಾಲ ನೋಡೂಣು,” ಎಂದೆ. ಆಕೆ ತಲೆಯಾಡಿಸಿ ಹೋದಳು.

ಇಲ್ಲಿ ನಿಲ್ಲಿಸಿ ಕೆಲವು ಮಾತು ಕೇಳುತ್ತೇನೆ. ನನ್ನನ್ನೂ ಸೇರಿಸಿ ಕೇಳುತ್ತೇನೆ. ಊರಿಗೆ ಹೋಗಿ ಶಿಬಿರ ನಡೆಸುವ ನಾವು, ಶಿಬಿರ ಮುಗಿಯುವುದು ವಂದನಾರ್ಪಣೆಯೊಂದಿಗೆ ಎಂದು ಯಾರಿಂದ ಕಲಿತೆವು? ಬಂದವಳು ಮರುದಿನ ಹೊಲಕ್ಕೆ ಹೋದಳೇ, ಆಕೆಗೆ ಕೆಲಸ ಸಿಕ್ಕಿತೇ, ಆಕೆಯ ಮನೆಗೆ ಯಾರಾದರೂ ಬಂದು ಹೆದರಿಸಿದರೇ ಎಂದು ತಿಳಿಯುವವರೆಗೂ ಶಿಬಿರ ನಡೆಯುತ್ತಲೇ ಇರುತ್ತದೆ. ಅವಳ ಹೆಸರು ಅವಳದು. ಒಂದು ಕೆಲಸಕ್ಕೆಂದು ಕೊಟ್ಟದ್ದನ್ನು ಇನ್ನೊಂದಕ್ಕೆ ಹಚ್ಚುವ ಅಧಿಕಾರ ನಮಗೆ ಯಾರು ಕೊಟ್ಟರು? ಅಪಾಯವನ್ನು ಅವರ ಪಾಲಿಗೆ ಹಾಕಿ ಧೈರ್ಯವನ್ನು ನಮ್ಮ ಪಾಲಿಗೆ ಇಟ್ಟುಕೊಂಡ ಲೆಕ್ಕ ಎಂಥದು? ಆ ಕೋಣೆಯಲ್ಲಿದ್ದ ಏಳು ಜನರಲ್ಲಿ ಆರು ಜನ ಮೊನ್ನೆಯ ಶ್ರದ್ಧಾಂಜಲಿ ಸಭೆಯಲ್ಲೂ ಇದ್ದರು. ಯಾರಾದರೂ ಈ ಮಾತು ಎತ್ತುತ್ತಾರೆಂದು ಕಾದೆ. ಎತ್ತಲಿಲ್ಲ.

ಸೋಮವಾರದ ಬೈಠಕ್ಕಿಗೆ ನಾನು ಕಾಯಲಿಲ್ಲ. ನಾಲ್ಕನೆಯ ದಿನ ನಿದ್ದೆಗೆಟ್ಟು ಮೊರಬದ ಬಸ್ಸು ಹತ್ತಿದೆ. ಗಾಡಿದಾರಿಯಲ್ಲಿ ಹಿಂದಿನಿಂದ ಟ್ರ್ಯಾಕ್ಟರ್ ಸದ್ದು ಬಂದಾಗಲೆಲ್ಲ ಹೊಲಕ್ಕಿಳಿದು ನಿಂತೆ. ಊರು ಮುಟ್ಟುವಾಗ ಸಂಜೆ. ದೊಡ್ಡವ್ವ ಕಟ್ಟೆಯ ಮೇಲಿದ್ದಳು.

“ಧಣ್ಯಾರ ಮುಂದ ಹೇಳಾಕ ಬಂದೇನಿ,” ಎಂದೆ.

“ತಡಾ ಆತು ತಂಗಿ. ನಿನ್ನಿ ಮುಗೀತು.”

ಗುಮಾಸ್ತ ಒಂದು ಕಾಗದ ಬರೆದು ತಂದಿದ್ದನಂತೆ: ನಮಗೆ ಓದುಬರಹ ಬಾರದು, ಅರ್ಜಿಯಲ್ಲಿರುವ ಸಹಿಗಳು ನಮ್ಮವಲ್ಲ, ಯಾರೋ ಹಾಕಿದ್ದಾರೆ. ಅದಕ್ಕೆ ಹೆಬ್ಬೆಟ್ಟು ಒತ್ತಿದವರಿಗೆ ಕೆಲಸ. “ನಾನ ಕರಕೊಂಡ ಹೋದೆ. ಹದಿಮೂರು ಮಂದಿದೂ ಕೈ ಹಿಡದು ಒತ್ತಿಸಿದೆ. ನಾಳಿಂದ ಹತ್ತಿಗಿ ಹೊಕ್ಕಾರ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಕಾಗದದಿಂದ ನಮ್ಮ ಅರ್ಜಿ ಬಿದ್ದುಹೋಯಿತು. ನಮ್ಮ ಗುಂಪು ಆಗ ಆಕೆಗೆ ಕೊಟ್ಟ ಬಿರುದು ‘ರಾಜಿ ಮಾಡಿಕೊಂಡವಳು’. ಈಗ ದಿಟ್ಟೆ ಎನ್ನುತ್ತಿರುವುದೂ ಅದೇ ಗುಂಪು.

“ಹಂಗಾದ್ರ ನಾ ಏನ್ ಮಾಡ್ಲಿ?” ಎಂದು ಕೇಳಿದೆ.

“ಧಣ್ಯಾರ ಮುಂದ ಹೇಳೂದು ಮುಗೀತು. ಅವರ ಮುಂದ ಹೇಳೂದು ಐತಲ್ಲ. ಬಾ.”

ಓಣಿಗುಂಟ ಹೋದೆವು. ಒಂದೊಂದು ಬಾಗಿಲಲ್ಲೂ ನಿಂತು ನಾನು ಹೇಳಿದೆ: ಹಾಳೆ ಕೊಟ್ಟವಳು ನಾನು, ನಿಮ್ಮನ್ನು ಕೇಳದೆ ಕೊಟ್ಟೆ. ಒಬ್ಬಳು “ಆತು ಬಿಡ್ರಿ ಅಕ್ಕಾರ” ಎಂದಳು. ಒಬ್ಬಳು ರೊಟ್ಟಿ ಬಡಿಯುತ್ತ ತಲೆ ಎತ್ತಲಿಲ್ಲ. ಒಬ್ಬಳ ಗಂಡ, “ಇನ್ನೊಮ್ಮಿ ಈ ಓಣ್ಯಾಗ ಕಾಲಿಟ್ಟೀರಿ, ಹುಷಾರ್,” ಎಂದ. ದೊಡ್ಡವ್ವ ನನ್ನ ಮೊಣಕೈ ಹಿಡಿದು ಮುಂದಿನ ಬಾಗಿಲಿಗೆ ನಡೆಸಿದಳು.

ಕೊನೆಯ ಮನೆ ದುಮ್ಮವಾಡದ ಸೊಸೆಯದು. ಬಾಗಿಲು ಮುಂದಕ್ಕೆ ಮಾಡಿತ್ತು. ಸಂದಿನಲ್ಲಿ ಅವಳ ಸೀರೆಯ ಅಂಚು ಕಾಣುತ್ತಿತ್ತು. ನಾನು ನನ್ನ ಹೆಸರು ಹೇಳಿದೆ, ನಾನೇ ನಿನಗೆ ಬರೆಯಲು ಕಲಿಸಿದವಳು ಎಂದೆ.

“ನನಗ ಬರಿಯಾಕ ಬರಂಗಿಲ್ರಿ,” ಎಂದಿತು ಒಳಗಿನ ದನಿ.

“ತಂಗಿ, ನಾನು…”

“ನನಗ ಬರಂಗಿಲ್ರಿ ಅಕ್ಕಾರ. ನಾ ಎಲ್ಲೂ ಬಂದಿಲ್ರಿ. ನಿಮ್ಮನ್ನ ನೋಡೇ ಇಲ್ರಿ.”

ದೊಡ್ಡವ್ವ ನನ್ನ ಕಡೆ ನೋಡಿದಳು. ಈ ಸಲ ಆಕೆ ಮೊಣಕೈ ಹಿಡಿದು ಮುಂದಕ್ಕೆ ನಡೆಸಲಿಲ್ಲ, ಕಾದಳು. ಒಳಗೆ ಉಸಿರು ಬಿಗಿಹಿಡಿದು ನಿಂತವಳೂ ಕಾದಳು. ಅವಳಿಗೆ ನನ್ನಿಂದ ಕ್ಷಮಾಪಣೆ ಬೇಕಿರಲಿಲ್ಲ. ಬೇಕಿದ್ದದ್ದು ಬೇರೆ, ಅದನ್ನು ಕೊಡಲು ನನಗೆ ಬಹಳ ಹೊತ್ತು ಹಿಡಿಯಿತು.

“ಹೌದು ತಂಗಿ,” ಎಂದೆ, ಪಕ್ಕದ ಮನೆಗಳಿಗೂ ಕೇಳಿಸುವಂತೆ. “ನಿನಗ ಬರಂಗಿಲ್ಲ. ನಾ ನಿನಗ ಏನೂ ಕಲಿಸಿಲ್ಲ.”